ಮೂವತ್ತೊಂದು ಸಲ ಒತ್ತಿದ ಗುಂಡಿ

"ಮೂವತ್ತೊಂದು ಸಲ ಗುಂಡಿ ಒತ್ತಿದೀಯಲ್ಲ, ತಮಾಷೆ ಮಾಡ್ತಿದೀಯಾ?"

ಟೊರುನ್ ಹಾಳೆಯನ್ನು ಅವನ ಮೂಗಿನ ಹತ್ತಿರ ಹಿಡಿದಳು. ಐವಿಂದ್ ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿಕೊಂಡು, "ಕೇಳಿಸ್ತು, ಒತ್ತಿದೆ," ಎಂದ.

"ಏನು ಕೇಳಿಸ್ತು?"

"ನಿನ್ನ ದನಿ."

ಟೊರುನ್‌ಗೆ ತಲೆ ಕೆಟ್ಟುಹೋಯಿತು. ಇಲ್ಲದ ದನಿ ಮನುಷ್ಯರಿಗೆ ಯಾಕೆ ಕೇಳಿಸುತ್ತದೆ ಎಂಬುದೇ ನಾರ್ವೆಯ ಬರ್ಗೆನ್ ವಿಶ್ವವಿದ್ಯಾಲಯದಲ್ಲಿ ಅವಳು ಮಾಡುತ್ತಿದ್ದ ಸಂಶೋಧನೆ. ಬಂದವರಿಗೆ ಮೊದಲು ತನ್ನ ದನಿ ಕೇಳಿಸುತ್ತಾಳೆ. ಆಮೇಲೆ ಸ್ಟೇಷನ್ ಸಿಗದ ರೇಡಿಯೋದಂಥ ಬರೀ ಗೊರಗೊರ ಸದ್ದು. ಅದರಲ್ಲಿ ದನಿ ಅಡಗಿರಬಹುದು, ಕೇಳಿಸಿದರೆ ಒತ್ತಿ ಎನ್ನುತ್ತಾಳೆ. ಮೂವತ್ತೊಂಬತ್ತು ಜನರಲ್ಲಿ ಯಾರೂ ಐದು ಸಲಕ್ಕಿಂತ ಹೆಚ್ಚು ಒತ್ತಿರಲಿಲ್ಲ. ನಲವತ್ತನೆಯವನು ಇವನು. ಶುಕ್ರವಾರದೊಳಗೆ ನಲವತ್ತು ಫಲಿತಾಂಶ ಕೊಡದಿದ್ದರೆ ನಾಲ್ಕು ವರ್ಷದ ದುಡಿಮೆ ನೀರುಪಾಲು.

'ಎದುರು ಕೋಣೆಯ ಸಂಶೋಧಕ, ಒಳ್ಳೆಯವನು ಅಂತ ಕರೆದೆನಲ್ಲ... ನನಗೆ ಬುದ್ಧಿ ಇಲ್ಲ...'

"ದನಿ ಇರಲೇ ಇಲ್ಲ ಮಾರಾಯ. ಒಂದು ಸಲಾನೂ ಇರಲಿಲ್ಲ."

ಐವಿಂದ್‌ನ ಮುಖ ಬಿಳಿಚಿಕೊಂಡಿತು. "ಇರಲಿಲ್ವಾ?"

ಅವನು ನಟಿಸುತ್ತಿಲ್ಲ ಎಂದು ಅವಳಿಗೆ ಆಗಲೇ ತಿಳಿಯಿತು. ಸಿಟ್ಟು ಮಾತ್ರ ಇಳಿಯಲಿಲ್ಲ.

"ಮಾತು ಕೇಳಿ ಬರ್ಕೊಳ್ಳೋಕೆ ನೀನು ಕಲಿಸ್ತಿರೋ ಆ ಯಂತ್ರಾನೂ ಹೀಗೇ ತಾನೆ? ಯಾರೂ ಮಾತಾಡದಿದ್ರೂ ಪುಟಗಟ್ಟಲೆ ಮಾತು ಬರ್ಕೊಳ್ಳುತ್ತೆ. ಈಗ ನಿಂಗೂ ಅದೇ ರೋಗ."

"ಅದಕ್ಕೆ ಕಲಿಸ್ತಿರೋದು ನಿನ್ನ ದನೀನೇ. ಹೋದ ವರ್ಷ ಯಂತ್ರಕ್ಕೆ ಅಂತ ನಮ್ಮ ವಿಭಾಗದ ಎಲ್ಲರ ಹತ್ರ ಓದಿಸಿದ್ರಲ್ಲ, ಆ ರೆಕಾರ್ಡಿಂಗು. ಮೂರು ತಿಂಗಳಿಂದ ದಿನಾ ಕೇಳ್ತಿದೀನಿ."

"ಅರ್ಜೀಲಿ 'ಈ ದನಿಯನ್ನು ಆಗಾಗ ಕೇಳುತ್ತೀರಾ' ಅಂತ ಇತ್ತು. 'ಇಲ್ಲ' ಅಂತ ಬರೆದಿದೀಯ!"

"'ಹೌದು' ಅಂದಿದ್ರೆ ನೀನು ಒಳಗೇ ಬಿಡ್ತಿರಲಿಲ್ಲ."

"ಬಿಡ್ತಿರಲಿಲ್ಲ. ಅದಕ್ಕೇ ಆ ಪ್ರಶ್ನೆ ಇರೋದು." ಅವಳು ಹಾಳೆಯನ್ನು ಮೇಜಿನ ಮೇಲೆ ಎಸೆದಳು. "ಯಾಕೆ ಹೀಗೆ ಮಾಡಿದೆ?"

"ಒಂದು ಗಂಟೆ ನಿನ್ನ ಕೋಣೇಲಿ ಕೂತಿರಬೇಕು ಅನ್ನಿಸ್ತು. ನೀನಂದ್ರೆ ನಂಗಿಷ್ಟ ಟೊರುನ್. ಮೂವತ್ತೊಂದು ಸಲಾನೂ 'ಐವಿಂದ್, ಹೋಗಬೇಡ' ಅಂತಲೇ ಕೇಳಿಸ್ತು." ಅವನು ಎದ್ದು ನಿಂತ. "ತಪ್ಪು ಮಾಡಿದೆ. ನನ್ನ ಹೆಸರು ಹೊಡೆದುಹಾಕು. ನಾಳೆ ಬೆಳಿಗ್ಗೆ ನಮ್ಮ ಗುಡ್ವೇಗ್ ಅತ್ತೇನ ಕರ್ಕೊಂಡು ಬರ್ತೀನಿ. ಅವರು ನಿನ್ನ ದನೀನ ಕೇಳೇ ಇಲ್ಲ. ಶುಕ್ರವಾರಕ್ಕೆ ನಲವತ್ತಾಗುತ್ತೆ."

ಅವನು ಬಾಗಿಲ ಹತ್ತಿರ ಹೋದ. ಎರಡು ವರ್ಷದಿಂದ ಕಾಫಿ ಯಂತ್ರದ ಮುಂದೆ ಇವನಿಗಾಗಿ ಬೇಕೆಂದೇ ತಡಮಾಡುತ್ತಿದ್ದವಳು ಅವಳು. ಅದನ್ನು ಹೇಳಲು ಎಷ್ಟು ಸಲ ಬಾಯಿ ತೆರೆದಿದ್ದಳೋ...

"ಕೂತ್ಕೋ. ಇನ್ನೊಂದು ಸಲ ಕೇಳು."

ಅವನು ಹೆಡ್‌ಫೋನ್ ಹಾಕಿಕೊಂಡ. ಅವಳು ಗಾಜಿನ ಗೋಡೆಯ ಆಚೆ ಹೋಗಿ ಗೊರಗೊರ ಸದ್ದು ಹಾಕಿದಳು. ಮೈಕಿನ ಹತ್ತಿರ ಬಗ್ಗಿ, ಕಣ್ಣು ಮುಚ್ಚಿ, "ನಂಗೂ ನೀನಂದ್ರೆ ಇಷ್ಟ ಐವಿಂದ್," ಎಂದಳು.

ಕಣ್ಣು ತೆರೆದಾಗ ಅವನು ಕದಲದೆ ಕುಳಿತಿದ್ದ. ಗುಂಡಿ ಒತ್ತಲಿಲ್ಲ.

ಟೊರುನ್ ಬಾಗಿಲು ದಬ್ಬಿಕೊಂಡು ಬಂದಳು. "ಇಲ್ಲದ್ದು ಮೂವತ್ತೊಂದು ಸಲ ಕೇಳಿಸ್ತು. ಇದ್ದದ್ದು ಒಂದು ಸಲ ಕೇಳಿಸಲಿಲ್ವಾ?"

"ಕೇಳಿಸ್ತು." ಅವನ ಕಣ್ಣು ತುಂಬಿತ್ತು. "ಇದೂ ಭ್ರಮೆ ಅಂದ್ಕೊಂಡೆ."

ಅವಳು ತಾನೇ ಅವನ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, ಅವನ ಮುಖ ನೋಡುತ್ತಲೇ ಅದೇ ಮಾತು ಹೇಳಿದಳು.

"ಇನ್ನೊಂದ್ಸಲ ಹೇಳ್ತೀಯಾ?"

"ನಿಂಗೆ ಎಷ್ಟು ಸಲ ಹೇಳಬೇಕು ಮಾರಾಯ," ಎಂದು ಗೊಣಗಿಕೊಂಡೇ ಅವಳು ಮತ್ತೆ ಹೇಳಿದಳು.