ತಡೆಯಲಾಗದ ಏಟು

"ಕೊಡಲಿ ಬಿತ್ತು. ಮಹಾನಂದಾಳ ವೈದ್ಯೆ ಸತ್ತಳು," ಅಂದಳು ವನಜಾ.

"ಇಲ್ರಿ," ಅಂದ ಬಸಲಿಂಗ. "ನನ್ನ ಗುರಾಣಿಯವ ಪಕ್ಕದಾಗ ನಿಂತಾನ. ಪಕ್ಕದವರ ಏಟು ತಾನು ತಗೋಬಹುದು ಅಂತ ಪುಸ್ತಕದಾಗ ಐತಿ."

"ರಾಕ್ಷಸನ ಕೊಡಲಿನ ಯಾರೂ ತಡೆಯೋಕಾಗಲ್ಲ ಅಂತಾನೂ ಅದೇ ಪುಸ್ತಕದಲ್ಲಿದೆ."

ಜಾಲಹಳ್ಳಿ ಕ್ವಾರ್ಟರ್ಸಿನ ವರಾಂಡದಲ್ಲಿ ಭಾನುವಾರ ಮಧ್ಯಾಹ್ನ ನಡೆಯುವ ಆಟವಿದು. ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಕಥೆ ಕಟ್ಟುತ್ತ, ದಾಳ ಉರುಳಿಸುತ್ತ ಯುದ್ಧ ಮಾಡಬೇಕು. ಕಥೆ ನಡೆಸುವವಳೂ ತೀರ್ಪು ಕೊಡುವವಳೂ ವನಜಾ.

"ಬಿಟ್ಬಿಡು ಮಗಾ," ಅಂದ ನಂದೀಶ್, ಬಾಯ್ತುಂಬ ಚಕ್ಕುಲಿ. "ಮೇಡಂ ತೀರ್ಪು ನಿನ್ ಕಡೆ ಯಾವತ್ತು ಬಂದಿದೆ?"

ಬಸಲಿಂಗ ನಗಲಿಲ್ಲ. ವಾರವೆಲ್ಲ ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತು, ಭಾನುವಾರ ಲಗ್ಗೆರೆಯ ರೂಮಿನಿಂದ ಇಸ್ತ್ರಿ ಅಂಗಿ ತೊಟ್ಟು ಬರುವ ಹುಡುಗ. "ನಾ ಬರೋದು ಮೇಡಂಗ ಹಿಡಿಸಂಗಿಲ್ಲ ಅಂತ ಕಾಣ್ತೈತಿ. ಇವತ್ತೇ ಕಡೀ ದಿನ ನೋಡ್ರಿ. ಇನ್ನ ಬರಂಗಿಲ್ಲ."

ವನಜಾ ಕೈಯಲ್ಲಿದ್ದ ದಾಳ ಕೆಳಗಿಟ್ಟಳು. ಹಿಡಿಸದೆ ಏನು! ಅವನು ಗೇಟು ತೆಗೆದ ಸದ್ದಿಗೇ ಅವಳ ಮುಖದಲ್ಲಿ ದೀಪ ಹತ್ತುತ್ತಿತ್ತು. ತೀರ್ಪಿನ ತಕ್ಕಡಿ ಎಲ್ಲಿ ಅವನ ಕಡೆ ವಾಲೀತೋ ಎಂದು ಹೆದರಿ, ಎದುರು ತಟ್ಟೆಯ ಮೇಲೆ ತಾನೇ ಬೆರಳಿಡುತ್ತ ಬಂದಿದ್ದಳು.

ಈ ವರಾಂಡದಲ್ಲೊಂದು ಪದ್ಧತಿ. ಎರಡು ನಿಯಮ ಡಿಕ್ಕಿ ಹೊಡೆದರೆ, ಜಗಳಕ್ಕೆ ನಿಂತವರು ಎದುರಿನವರ ಪರ ವಾದಿಸಬೇಕು. ಆಮೇಲೇ ತೀರ್ಪು.

"ಶುರು ಮಾಡ್ರಿ," ಅಂದಳು ಮಹಾನಂದಾ. "ಸತ್ತು ಮಲಗಿರೋಳು ನಾನು. ಎಷ್ಟೊತ್ತು ಹಿಂಗೇ ಬಿದ್ದಿರ್ಲಿ?"

ಬಸಲಿಂಗ ಗಂಟಲು ಸರಿಮಾಡಿಕೊಂಡ. "ಮೇಡಂ ಹೇಳೋದು ಖರೇ ಐತಿ. ತಡೆಯಾಕಾಗಂಗಿಲ್ಲ ಅಂದ್ರ ಆಗಂಗಿಲ್ಲ. ಒಬ್ಬಗ ಸಡಿಲ ಬಿಟ್ರ ನಾಳೆ ಎಲ್ಲಾರೂ ಕೇಳ್ತಾರ. ಅವರು ಯಾರ ಮುಖಾನೂ ನೋಡದ ತೀರ್ಪು ಕೊಡ್ತಾರ. ಅದಕ್ಕ ಈ ಕಥಿ ಇಷ್ಟು ಗಟ್ಟಿ ನಿಂತೈತಿ."

ಕೋಪದ ಹುಡುಗ ಹೀಗೆ ಮನಸ್ಸಿಟ್ಟು ತನ್ನ ಪರ ಮಾತಾಡುವುದನ್ನು ಕೇಳಿ ವನಜಾಳ ಕಣ್ಣು ತಗ್ಗಿತು. ಮರುಗಳಿಗೆಗೆ ತಲೆಯೆತ್ತಿ, ಅವನನ್ನೇ ನೋಡುತ್ತ ಹೇಳಿದಳು:

"ಗುರಾಣಿಯವನು ಏಟು ತಡೀತಿಲ್ಲ. ಕೊಡಲಿ ನಿಲ್ಲಲ್ಲ, ಅದರ ಬಲ ಕುಗ್ಗಲ್ಲ, ಪೂರ್ತಿ ಬೀಳುತ್ತೆ. ಯಾರ ಮೇಲೆ ಅನ್ನೋದಷ್ಟೇ ಬದಲಾಗೋದು. ಎರಡು ನಿಯಮಾನೂ ಉಳೀತು. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ." ಒಂದು ಉಸಿರು ಬಿಟ್ಟಳು. "ಇದೇ ತೀರ್ಪು. ವೈದ್ಯೆ ಬದುಕಿದಳು. ಏಟು ಬಸಲಿಂಗನಿಗೆ. ಇನ್ಮೇಲೆ ಎಲ್ರಿಗೂ ಇದೇ ರೂಲು."

ದಾಳ ಉರುಳಿತು. ಗುರಾಣಿಯವನು ನೆಲ ಕಚ್ಚಿದ.

"ವಾದ ಗೆದ್ದು ಪ್ರಾಣ ಬಿಟ್ಯಲ್ಲೋ ಗುರು!" ಅಂದ ನಂದೀಶ್. "ಇನ್ನು ನಿಂಗಿಲ್ಲಿ ಕೆಲಸ ಇಲ್ಲ."

"ಇದೆ," ಅಂದಳು ವನಜಾ. "ಬಸಲಿಂಗ, ಮುಂದಿನ ವಾರ ಹೊಸ ಪಾತ್ರ ಮಾಡ್ಕೊಂಡು ಬಾ. ತೀರ್ಪು ಮಹಾನಂದಾ ಕೊಡ್ಲಿ. ನಾನು ನಿನ್ನ ಪಕ್ಕ ಕೂತು ಆಡ್ತೀನಿ."

"ಯಾಕ್ರಿ?"

"ನಿನ್ನ ವಿಷಯದಲ್ಲಿ ನನ್ನ ತೀರ್ಪು ನೆಟ್ಟಗಿರಲ್ಲ. ನಿನ್ನ ಕಂಡ್ರೆ ನಂಗಿಷ್ಟ ಕಣೋ. ಅದನ್ನ ಮುಚ್ಚೋಕೆ ಹೋಗಿ ನಿನ್ನನ್ನೇ ಸೋಲಿಸ್ತಾ ಬಂದೆ."

ನಂದೀಶನ ಚಕ್ಕುಲಿ ಬಾಯಲ್ಲೇ ನಿಂತಿತು. ಬಸಲಿಂಗನ ಕಿವಿ ಕೆಂಪಾಯಿತು, ತುಟಿಯಂಚಿಗೆ ನಗು ನಿಧಾನವಾಗಿ ಬಂತು.

"ಮುಂದಿನ ವಾರದ ತನಕ ಯಾಕ್ರಿ?" ಅಂದವನು ಎದ್ದು, ತನ್ನ ಕುರ್ಚಿ ಎತ್ತಿ ತಂದು ಅವಳ ಕುರ್ಚಿಗೆ ತಾಗಿಸಿ ಇಟ್ಟ.