ಏಳು ಹಾಳೆಗಳ ಮಹಜರು

೨೦೧೯ರ ಫೆಬ್ರವರಿ ಹನ್ನೆರಡು, ಮಂಗಳವಾರ. ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಐನ್ ರಿಹಾನ್ ಎಂಬ ಊರಿನ ಪೊಲೀಸ್ ಠಾಣೆಗೆ ಒಂದೂವರೆ ಪುಟದ ದೂರು ಬಂತು. ಬರೆದವರು ಊರಿನ ಸಾರ್ವಜನಿಕ ಗ್ರಂಥಾಲಯದ ನಿರ್ದೇಶಕಿ ನಝೀಹಾ ಜ್ಲಾಸ್ಸಿ, ತಂದವರೂ ಅವರೇ. ಊರಿನ ಹಳೆಯ ವಾರಪತ್ರಿಕೆಯ ಎರಡು ಸಂಪುಟಗಳಿಂದ, ೧೯೮೬ ಮತ್ತು ೧೯೮೮ರವು, ಯಾರೋ ಏಳು ಹಾಳೆ ಕತ್ತರಿಸಿಕೊಂಡು ಹೋಗಿದ್ದಾರೆ ಎಂಬುದು ಸಾರಾಂಶ.

ಇನ್‌ಸ್ಪೆಕ್ಟರ್ ಮೊಂಗಿ ಅಯಾರಿಯ ಮೇಜಿನ ಮೇಲೆ ಆ ವಾರ ಎರಡು ಕುರಿ ಕಳವು, ಒಂದು ಚೂರಿ ಇರಿತದ ಕಡತಗಳು ಕೂತಿದ್ದವು.

"ಹಳೇ ಪೇಪರ್ ತಾನೇ ಮೇಡಂ? ಬರೀ ಏಳು ಹಾಳೆ."

"ನನ್ನ ಸುಪರ್ದಿಗೆ ಕೊಟ್ಟಿರೋದು ನಲವತ್ತೊಂದು ಸಾವಿರ ಪುಸ್ತಕ, ಆರುನೂರು ಸಂಪುಟ ಪತ್ರಿಕೆ. ಒಂದು ಹಾಳೆ ಹೋದ್ರೂ ಉತ್ತರ ಕೊಡ್ಬೇಕಾದವಳು ನಾನು, ಸಿ ಮೊಂಗಿ. ನೀವು ಬರ್ಕೊಳ್ಳಿ." ಮರ್ಯಾದೆಯ 'ಸಿ' ಸೇರಿಸಿಯೇ ಹೇಳಿದರು ನಝೀಹಾ.

"ಯಾರ ಮೇಲಾದ್ರೂ ಅನುಮಾನ?"

"ಅನುಮಾನ ಪಡೋದು ನಿಮ್ಮ ಕೆಲಸ."

ದೂರು ಮೂವತ್ತೊಂದನೇ ನಂಬರಿನಲ್ಲಿ ದಾಖಲಾಯಿತು.

ಹತ್ತೂವರೆಗೆ ಮೊಂಗಿ ಕಾನ್‌ಸ್ಟೆಬಲ್ ಲಝ್‌ಹರ್‌ನನ್ನು ಕರೆದುಕೊಂಡು ಸ್ಥಳ ಮಹಜರಿಗೆ ಹೋದ. ಪತ್ರಿಕೆಗಳ ಕೋಣೆಗೆ ಒಂದೇ ಬಾಗಿಲು, ಕಿಟಕಿಗೆ ಕಬ್ಬಿಣದ ಸರಳು. ಬೀಗಕ್ಕೆ ಗೀರೂ ಬಿದ್ದಿರಲಿಲ್ಲ. ಒಂದು ಕೀಲಿ ನಿರ್ದೇಶಕಿಯ ಬಳಿ, ಇನ್ನೊಂದು ಚಹಾ ಕಾಯಿಸುವ ಮೂಲೆಯ ಮೊಳೆಗೆ. ಹಾಳೆಗಳನ್ನು ಹೊಲಿಗೆಯ ಪಕ್ಕಕ್ಕೇ ಅಳತೆಪಟ್ಟಿ ಇಟ್ಟು ಬ್ಲೇಡಿನಿಂದ ಕೊಯ್ದಿದ್ದರು. ಅವಸರದ ಕೈಯಲ್ಲ. ಅಕ್ಟೋಬರಿನ ವಾರ್ಷಿಕ ತಪಾಸಣೆಯಲ್ಲಿ ಸಂಪುಟಗಳು ಸರಿಯಾಗಿದ್ದವು. ಕಳೆದ ಶನಿವಾರ ಊರಿನ ಚರಿತ್ರೆ ಬರೆಯುತ್ತಿದ್ದ ನಿವೃತ್ತ ಮೇಷ್ಟ್ರು ಸಾದೊಕ್ ಸಂಪುಟ ತೆರೆದಾಗ ವಿಷಯ ಬೆಳಕಿಗೆ ಬಂದಿತ್ತು.

"ಈ ಸಂಪುಟ ಯಾರ್ಯಾರು ಕೇಳಿ ತಗೊಂಡಿದ್ದಾರೆ, ಪಟ್ಟಿ ಕೊಡಿ," ಎಂದ ಮೊಂಗಿ.

"ಅಭಿಯೋಜಕರ ಪತ್ರ ತನ್ನಿ, ಕೊಡ್ತೀನಿ."

"ದೂರು ಕೊಡೋರೂ ನೀವೇ, ಬಾಗಿಲು ಹಾಕೋರೂ ನೀವೇನಾ?"

ನಝೀಹಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಎಂಟು ವರ್ಷದ ಹಿಂದೆ ಆ ಸರ್ಕಾರ ಬೀಳೋವರೆಗೂ ನಿಮ್ಮೋರು ಬಂದು ಕೇಳಿದ ತಕ್ಷಣ ಕೊಟ್ಟುಬಿಡ್ತಿದ್ವಿ. ಯಾರು ಏನು ಓದ್ತಾರೆ ಅಂತ. ಹೆಸರು ಹೋದ ಓದುಗರು ಮತ್ತೆ ಈ ಮೆಟ್ಟಿಲು ಹತ್ತಲಿಲ್ಲ. ಈಗ ಪತ್ರ ಇಲ್ದೆ ಕೊಡಲ್ಲ."

ಅಷ್ಟರಲ್ಲಿ ನೀಲಿ ನಿಲುವಂಗಿಯ ಹೆಂಗಸೊಬ್ಬಳು ಚಹಾ ತಂದಳು. ಹನ್ನೆರಡು ವರ್ಷದಿಂದ ಅಲ್ಲಿ ಕಸ ಗುಡಿಸಿ, ಧೂಳು ಒರೆಸುತ್ತಿದ್ದ ಸಲ್ಹಾ. ಐವತ್ತರ ಆಸುಪಾಸು.

"ಸಕ್ಕರೆ ಜಾಸ್ತಿ ಹಾಕಿದ್ದೀನಿ ಮಗಾ. ಪೊಲೀಸರ ನಾಲಿಗೆ ಕಹಿ ಇರುತ್ತೆ ಅಂತಾರೆ."

ಲಝ್‌ಹರ್ ನಕ್ಕ. ಮೊಂಗಿ ಲೋಟ ಖಾಲಿ ಮಾಡಿ ಎದ್ದ.

ಬುಧವಾರ ಪತ್ರ ಸಿಕ್ಕಿತು. ನಝೀಹಾ ಮರುಮಾತಿಲ್ಲದೆ ಪಟ್ಟಿ ಕೊಟ್ಟರು. ಹತ್ತು ವರ್ಷದಲ್ಲಿ ಮೂರೇ ಹೆಸರು. ಒಬ್ಬ ವಕೀಲ, ತೀರಿಕೊಂಡು ನಾಲ್ಕು ವರ್ಷ. ಒಬ್ಬ ವಿದ್ಯಾರ್ಥಿನಿ, ಈಗ ಫ್ರಾನ್ಸಿನಲ್ಲಿ. ಉಳಿದವರು ಸಾದೊಕ್ ಮೇಷ್ಟ್ರು. ಅವರನ್ನು ಠಾಣೆಗೆ ಕರೆಸಿದಾಗ ಕೂರುವ ಮೊದಲೇ ಶುರು ಮಾಡಿದರು.

"ಕೊಯ್ದವನೇ ಬಂದು ಕೊಯ್ದಿದ್ದಾರೆ ಅಂತ ಕೂಗ್ತಾನೇನೋ? ನಿನಗೆ ಇತಿಹಾಸದಲ್ಲಿ ಎಷ್ಟು ಅಂಕ ಬಂದಿತ್ತು ಅಂತ ಈ ಹುಡುಗನ ಮುಂದೆ ಹೇಳ್ಲಾ?"

"ಬೇಡ ಸಾರ್. ಶನಿವಾರ ಎಷ್ಟು ಹೊತ್ತು ಸಂಪುಟ ನಿಮ್ಮ ಹತ್ರ ಇತ್ತು?"

"ಹತ್ತು ನಿಮಿಷ. ಎಲ್ಲರೂ ಕೂತಿರೋ ಹಾಲ್‌ನಲ್ಲಿ. ನಝೀಹಾ ಎದುರಿಗೇ ಇದ್ದಳು, ಕೇಳು."

ಅದು ನಿಜವಾಗಿತ್ತು. ಹೊರಗಿನವರ ಮೇಲಿನ ಅನುಮಾನ ಅಲ್ಲಿಗೆ ಮುಗಿಯಿತು. ಹೋದ ಹಾಳೆಗಳಲ್ಲಿ ಏನಿತ್ತು ಎಂದು ತಿಳಿಯದೆ ಮುಂದಕ್ಕೆ ಹೆಜ್ಜೆ ಇಡುವಂತಿರಲಿಲ್ಲ. ಗುರುವಾರ ನಸುಕಿಗೇ ಲಝ್‌ಹರ್ ಬಾಡಿಗೆ ವ್ಯಾನ್ ಹತ್ತಿ ರಾಜಧಾನಿಗೆ ಹೋದ. ಅಲ್ಲಿಯ ದೊಡ್ಡ ಗ್ರಂಥಾಲಯದಲ್ಲಿ ಅದೇ ಪತ್ರಿಕೆಯ ಪ್ರತಿಗಳಿದ್ದವು. ಸಂಜೆ ನೆರಳಚ್ಚಿನ ಕಟ್ಟು ಹಿಡಿದು ವಾಪಸಾದ.

ಶುಕ್ರವಾರ ಬೆಳಿಗ್ಗೆ ಎಂಟೂವರೆ. ಇಬ್ಬರೂ ಹಾಳೆಗಳನ್ನು ಮೇಜಿನ ಮೇಲೆ ಹರಡಿದರು. ಏಳರಲ್ಲೂ ಒಂದೇ ಸುದ್ದಿ. ೧೯೮೬ರ ಮೇ ತಿಂಗಳಲ್ಲಿ ಬೆಟ್ಟದ ತಿರುವಿನಲ್ಲಿ ಬಸ್ಸು ಉರುಳಿ ಹತ್ತೊಂಬತ್ತು ಜನ ಸತ್ತಿದ್ದರು. ಚಾಲಕ ತೀಜಾನಿ ರೆಝ್ಗಿ ಕುಡಿದಿದ್ದನೆಂದು ಜೈಲಾಯಿತು. ಮಾರನೇ ವರ್ಷ ಅಲ್ಲೇ ಸತ್ತ.

ಆ ಸುದ್ದಿ ಬಂದ ಉಳಿದ ಸಂಚಿಕೆಗಳ ನೆರಳಚ್ಚೂ ಕಟ್ಟಿನಲ್ಲಿತ್ತು. ಮೊಂಗಿ ಲೆಕ್ಕ ಹಾಕಿದ. ಆ ಅಪಘಾತದ ವಿಷಯ ಒಟ್ಟು ಹನ್ನೊಂದು ಸಂಚಿಕೆಗಳಲ್ಲಿ ಬಂದಿತ್ತು. ಹೋದದ್ದು ಏಳು. ಉಳಿದ ನಾಲ್ಕರಲ್ಲಿ ಒಂದಕ್ಕೆ 'ಹತ್ತೊಂಬತ್ತು ಜೀವ ತೆಗೆದ ಕುಡುಕ' ಎಂದು ಅಂಗೈಯಗಲದ ತಲೆಬರಹ, ಕೆಳಗೆ ತೀಜಾನಿಯ ಪೂರ್ತಿ ಹೆಸರು. ಇದನ್ನು ಯಾಕೆ ಬಿಟ್ಟರು?

ಲಝ್‌ಹರ್ ಬಗ್ಗಿ ನೋಡಿದ. "ಸಾರ್, ಈ ನಾಲ್ಕರಲ್ಲಿ ಅವನ ಫೋಟೋ ಇಲ್ಲ."

ಏಳು ಹಾಳೆಗಳಲ್ಲೂ ಅದೇ ಮುಖ: ದಪ್ಪ ಮೀಸೆ, ಸ್ವಲ್ಪ ವಾಲಿದ ಟೋಪಿ. ಕೊಯ್ದವರು ಮುಖ ಗುರುತಿಸಿದ್ದರು. ಅಕ್ಷರ ಅವರಿಗೆ ತಿಳಿದಿರಲಿಲ್ಲ.

ಹತ್ತು ಗಂಟೆಗೆ ಮೊಂಗಿ ನಿರ್ದೇಶಕಿಯ ಕೋಣೆಯಲ್ಲಿದ್ದ. "ನಿಮ್ಮಲ್ಲಿ ಓದಕ್ಕೆ ಬರದವರು ಯಾರು?"

"ಇದು ಗ್ರಂಥಾಲಯ, ಸಿ ಮೊಂಗಿ. ಇಲ್ಲಿ ಓದಕ್ಕೆ ಬರದವರು..."

ಅವರು ಹಾಜರಿ ಪುಸ್ತಕವನ್ನು ಎಳೆದುಕೊಂಡು ತೆರೆದು, ಅವನ ಕಡೆಗೆ ತಿರುಗಿಸಿದರು. ಪುಟದಲ್ಲಿ ಐದು ಸಾಲು ಸಹಿ. ಆರನೆಯ ಸಾಲಿನಲ್ಲಿ ದಿನಕ್ಕೊಂದರಂತೆ ಹೆಬ್ಬೆಟ್ಟು.

"ಹನ್ನೆರಡು ವರ್ಷದಿಂದ ಪ್ರತಿ ಬೆಳಿಗ್ಗೆ ಇದರ ಕೆಳಗೆ ನಾನು ರುಜು ಹಾಕ್ತಿದ್ದೀನಿ," ಎಂದರು. ಪುಸ್ತಕ ಮುಚ್ಚಿ ಮುಂದುವರಿಸಿದರು. "ಜನವರಿಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಹೇಳಿದ್ದೆ, ಹಳೇ ಪತ್ರಿಕೆಗಳನ್ನೆಲ್ಲ ಕಂಪ್ಯೂಟರಿಗೆ ಹಾಕ್ತೀವಿ, ಇನ್ಮೇಲೆ ಯಾರು ಬೇಕಾದ್ರೂ ಫೋನ್‌ನಲ್ಲೇ ನೋಡಬಹುದು ಅಂತ. ಸಲ್ಹಾ ಕೇಳಿದಳು, ಫೋಟೋನೂ ಕಾಣತ್ತಾ ಅಂತ. ಎಲ್ಲಾ ಕಾಣತ್ತೆ ಅಂದೆ. ಅವಳಿಗೆ ಖುಷಿಯಾಯ್ತು ಅಂದ್ಕೊಂಡೆ."

ಪುರಸಭೆಯ ಜನನ ದಾಖಲೆಯಲ್ಲಿ ಹನ್ನೊಂದು ಗಂಟೆಗೆ ಉಳಿದದ್ದೂ ಸಿಕ್ಕಿತು: ಸಲ್ಹಾ, ತಂದೆ ತೀಜಾನಿ ರೆಝ್ಗಿ. ಗ್ರಂಥಾಲಯದಲ್ಲಿ ಆಕೆಯ ಹೆಸರಿನ ಮುಂದೆ ಗಂಡನ ಮನೆತನ ಮಾತ್ರ ಇತ್ತು.

ಮಧ್ಯಾಹ್ನ ಮೂರಕ್ಕೆ ಶೋಧನಾ ಆದೇಶದೊಂದಿಗೆ ಮೊಂಗಿ ಆಕೆಯ ಮನೆ ಬಾಗಿಲು ತಟ್ಟಿದ. ಪಂಚರಾಗಿ ನಝೀಹಾ ಮತ್ತು ಆ ಕೇರಿಯ ಮುಖಂಡ ಬಂದಿದ್ದರು. ಸಲ್ಹಾ ಬಾಗಿಲು ತೆಗೆದು, ಅವರ ಮುಖಗಳನ್ನು ಒಂದೊಂದಾಗಿ ನೋಡಿದಳು. ನಝೀಹಾರನ್ನು ಕಂಡಾಗ ತಲೆಯ ಬಟ್ಟೆ ಸರಿಪಡಿಸಿಕೊಂಡಳು.

"ಒಳಗೆ ಬನ್ನಿ. ಚಳಿ ಇದೆ."

"ಹಾಳೆಗಳು ಎಲ್ಲಿವೆ ಚಿಕ್ಕಮ್ಮ?" ಎಂದ ಮೊಂಗಿ.

ಆಕೆ ಹಾಸಿಗೆಯ ಕೆಳಗಿನ ಪೆಟ್ಟಿಗೆಯಿಂದ ಬಿಳಿ ಬಟ್ಟೆಯ ಗಂಟೊಂದನ್ನು ತೆಗೆದುಕೊಟ್ಟಳು. ಹಾಳೆಗಳು ಒಂದೂ ಮಡಿಕೆಯಾಗಿರಲಿಲ್ಲ.

"ಸುಟ್ಟುಹಾಕಿದ್ರೆ ನಮಗೆ ಸಿಗ್ತಾನೇ ಇರಲಿಲ್ಲ," ಎಂದ ಲಝ್‌ಹರ್ ತಡೆಯಲಾರದೆ.

"ಅಪ್ಪನ ಮುಖ ಇದೆಯಲ್ಲೋ. ಹೇಗೆ ಬೆಂಕಿಗೆ ಹಾಕ್ಲಿ?"

"ಯಾಕೆ ಕೊಯ್ದಿರಿ?"

"ನನ್ನ ಮಗನಿಗೆ ಹೋದ ಚಳಿಗಾಲ ಶಾಲೆ ಬಸ್ಸು ಓಡಿಸೋ ಕೆಲಸ ಸಿಕ್ತು. ಅಜ್ಜ ಯಾರು ಅಂತ ಅವನಿಗೂ ಹೇಳಿಲ್ಲ. ಊರಿನವರ ಫೋನ್‌ನಲ್ಲೆಲ್ಲ ಈ ಫೋಟೋ ಬಂದ್ರೆ? ಅವನದೂ ಇದೇ ಮೀಸೆ, ಇದೇ ಕಣ್ಣು. ಯಾರು ಮಕ್ಕಳನ್ನ ಅವನ ಬಸ್ಸಿಗೆ ಹತ್ತಿಸ್ತಾರೆ?"

ಜಪ್ತಿ ಮಾಡಿದ ಪ್ರತಿ ಕಾಗದದ ಒಕ್ಕಣೆಯನ್ನೂ ಪಂಚರೆದುರು ಓದಿ ಮಹಜರಿನಲ್ಲಿ ನಮೂದಿಸಬೇಕು. ಮೊಂಗಿ ಓದುತ್ತ ಹೋದ, ಲಝ್‌ಹರ್ ಬರೆದುಕೊಳ್ಳುತ್ತ ಹೋದ. ಹಾಳೆ ಒಂದು, ಅಪಘಾತ. ಹಾಳೆ ಎರಡು, ಬಂಧನ. ಸಲ್ಹಾ ಗೋಡೆಗೆ ಒರಗಿ ನೆಲ ನೋಡುತ್ತಿದ್ದಳು. ಏಳನೆಯದು ೧೯೮೮ರ ಮಾರ್ಚಿನದು. ಮೂರನೇ ಪುಟದ ತಳದಲ್ಲಿ ಎರಡು ಬೆರಳಗಲದ ಸುದ್ದಿ, ಪಕ್ಕದಲ್ಲಿ ಅದೇ ಮುಖದ ಪುಟ್ಟ ಫೋಟೋ. ನೆರಳಚ್ಚಿನಲ್ಲಿ ಮೊಂಗಿ ಅದನ್ನು ಬೆಳಿಗ್ಗೆಯೇ ಓದಿದ್ದ. ಈಗ ಸಲ್ಹಾಳ ಕಡೆ ಒಮ್ಮೆ ನೋಡಿ ಓದಿದ.

"'ಬಸ್ಸಿನ ಬ್ರೇಕಿನ ಕೊಳವೆ ಡಿಪೋ ಬಿಡುವ ಮೊದಲೇ ಒಡೆದಿತ್ತೆಂದು ತಜ್ಞರ ವರದಿ ಹೇಳಿದೆ. ಚಾಲಕನದೆಂದು ಹಾಜರುಪಡಿಸಿದ್ದ ರಕ್ತಪರೀಕ್ಷೆಯ ಕಾಗದ ಬೇರೆಯವನದು. ದಿವಂಗತ ತೀಜಾನಿ ರೆಝ್ಗಿ ಮದ್ಯ ಸೇವಿಸಿರಲಿಲ್ಲ. ಆತ ನಿರ್ದೋಷಿ ಎಂದು ನ್ಯಾಯಾಲಯ ತೀರ್ಪಿತ್ತಿದೆ.'"

ಲಝ್‌ಹರ್‌ನ ಪೆನ್ನು ಕೊನೆಯ ಪದ ಬರೆದು ಮುಗಿಸಿತು.

"ಇನ್ನೊಂದ್ಸಲ ಓದು," ಎಂದಳು ಸಲ್ಹಾ.

ಮೊಂಗಿ ಮತ್ತೆ ಓದಿದ. ಆಕೆ ನೆಲದ ಮೇಲೆ ಕೂತಳು. ನಝೀಹಾ ಪಕ್ಕದಲ್ಲಿ ಕೂತು ಆಕೆಯ ಕೈ ಹಿಡಿದುಕೊಂಡರು.

"ಕೋರ್ಟಿಂದ ಕಾಗದ ಬರಲಿಲ್ವಾ?" ಎಂದ ಮೊಂಗಿ ಮೆಲ್ಲಗೆ.

"ಮನೆಗೆ ಕಲ್ಲು ತೂರಿದ ಮೇಲೆ ಅಮ್ಮ ನಮ್ಮನ್ನ ಗಡಿಬೆಟ್ಟಕ್ಕೆ ಕರ್ಕೊಂಡು ಹೋದ್ಲು. ಅಲ್ಲಿಗೆ ಯಾವ ಕಾಗದ ಬರುತ್ತೆ? ಬಂದಿದ್ರೂ ಓದೋರು ಯಾರು? ಅಪ್ಪನ ಸುದ್ದಿ ಇರೋ ಕೋಣೆ ಧೂಳನ್ನೇ ಹನ್ನೆರಡು ವರ್ಷ ಹೊಡೆದೆನಲ್ಲಾ, ತಾಯಿ."

ಸಂಜೆ ನಾಲ್ಕೂವರೆಗೆ ಸಾರ್ವಜನಿಕ ಸ್ವತ್ತಿಗೆ ಹಾನಿ ಮಾಡಿದ ಆರೋಪದ ಮೇಲೆ ಆಕೆಯನ್ನು ಬಂಧಿಸಲಾಯಿತು.

ಠಾಣೆಯಲ್ಲಿ ಮೊಂಗಿ ನಿರ್ದೇಶಕಿಯನ್ನು ಪಕ್ಕಕ್ಕೆ ಕರೆದ. "ದೂರು ವಾಪಸ್ ತಗೊಳ್ತೀರಾ?"

"ಸ್ವತ್ತು ಊರಿನದು. ವಾಪಸ್ ತಗೊಳ್ಳೋಕೆ ಅದು ನನ್ನದಲ್ಲ." ನಝೀಹಾರ ಕಣ್ಣು ಕೆಂಪಾಗಿತ್ತು. "ಇನ್ನೊಂದು ಹೇಳಿಕೆ ಕೊಡ್ತೀನಿ, ಅದನ್ನೂ ಕಡತಕ್ಕೆ ಸೇರಿಸಿ. ಕೀಲಿ ಮೊಳೆಗೆ ನೇತುಹಾಕಿದ್ದು ನನ್ನ ತಪ್ಪು. ನಲವತ್ತೊಂದು ಸಾವಿರ ಪುಸ್ತಕದ ನಡುವೆ ಹನ್ನೆರಡು ವರ್ಷ ದುಡಿದವಳಿಗೆ ಒಂದಕ್ಷರ ಕಲಿಸದೇ ಇದ್ದದ್ದೂ ನನ್ನ ತಪ್ಪು. ಎರಡನ್ನೂ ನ್ಯಾಯಾಧೀಶರು ಓದ್ಲಿ."

ಅವರು ನಿಂತೇ ಬರೆದುಕೊಟ್ಟು ಹೋದರು.

ಅಪರಾಧದ ಉದ್ದೇಶ ಎಂಬ ಅಂಕಣದಲ್ಲಿ ಮೊಂಗಿ ಸಾಮಾನ್ಯವಾಗಿ ಒಂದು ಪದ ಬರೆದು ಮುಗಿಸುತ್ತಿದ್ದ. ಅಂದು ನಾಲ್ಕು ಸಾಲಾಯಿತು. ತಂದೆಗೆ ಅಂಟಿದ ಕಳಂಕ ಮಗನಿಗೆ ತಾಗೀತೆಂಬ ಭಯ. ಆ ಕಳಂಕವನ್ನು ಅಳಿಸಿದ್ದ ಹಾಳೆಯನ್ನೂ ಓದಲು ಬಾರದೆ ಕೊಯ್ದದ್ದು. ಆಮೇಲೆ ಸಲ್ಹಾಳ ಹೇಳಿಕೆಯನ್ನು ಆಕೆಗೆ ಓದಿ ಹೇಳಿ ಕೇಳಿದ:

"ಇನ್ನೇನಾದ್ರೂ ಸೇರಿಸೋದಿದೆಯಾ ಚಿಕ್ಕಮ್ಮ?"

"ಬರ್ಕೋ, ನಮ್ಮಪ್ಪ ಕುಡಿದಿರಲಿಲ್ಲ."

"ಅದು ಈ ಕೇಸಿಗೆ ಸಂಬಂಧಪಡಲ್ಲ."

"ಪಡ್ಲಿ ಬಿಡ್ಲಿ, ಬರ್ಕೋ ಮಗಾ. ಪೊಲೀಸರ ಕಾಗದದಲ್ಲೂ ಒಂದ್ಸಲ ಇರ್ಲಿ."

ಮೊಂಗಿ ಹೊಸ ಸಾಲಿನಿಂದ ಬರೆದ. ಬರೆದದ್ದನ್ನು ಆಕೆಗೆ ಕೇಳುವಂತೆ, ನಿಧಾನವಾಗಿ ಓದಿದ.