ಕೆಂಪಿಯ ಹೂಂ

"ನಿನ್ನೆ ಟೀಚರ್ ನನ್ನ ಬೆಂಚು ಬದಲಾಯಿಸಿದ್ರು," ಎಂದಳು ರೇಡಿಯೊ.

"ಹೂಂ…" ಎಂದಿತು ಕಾರು.

ರೇಡಿಯೊ ಸೀಟಿನಲ್ಲೇ ಕಲ್ಲಾದಳು. ಕಾರಿನೊಳಗೆ ಅವಳೊಬ್ಬಳೇ ಇದ್ದಳು. ಅಣ್ಣ ಎಂಜಿನ್ ಸ್ಟಾರ್ಟ್ ಮಾಡಿಟ್ಟು, ಮರೆತ ಊಟದ ಡಬ್ಬಿ ತರಲು ಮನೆಯೊಳಗೆ ಹೋಗಿದ್ದ. ಹೊರಗೆ ದಟ್ಟ ಮಂಜು. ಹತ್ತಿರದ ಗೇಟು ಕೂಡ ಕಾಣುತ್ತಿರಲಿಲ್ಲ.

ಅವಳು ಇನ್ನೊಮ್ಮೆ ಹೇಳಿ ನೋಡಿದಳು. "ಈಗ ಕಿಟಕಿ ಪಕ್ಕ ಕೂತಿದೀನಿ."

ಸ್ವಲ್ಪ ಹೊತ್ತು ಎಂಜಿನ್ನಿನ ಗುರುಗುರು ಮಾತ್ರ ಕೇಳಿಸಿತು. ಆಮೇಲೆ ಕಾರಿನ ಮುಂಭಾಗದಿಂದ, ಮುದುಕರ ಗಂಟಲಿನಂಥ ದನಿ ಬಂತು. "ಹೂಂ…"

ಅದು ಅಜ್ಜನ ಹೂಂ. ರೇಡಿಯೊಗೆ ಅನುಮಾನವೇ ಇರಲಿಲ್ಲ.

ಅವಳಿಗೆ ಆ ಹೆಸರಿಟ್ಟವನೇ ಅಜ್ಜ. ಶಾಲೆಯಿಂದ ಮನೆ ಮುಟ್ಟುವವರೆಗೆ ಅವಳು ವಟವಟ ಅನ್ನುತ್ತಿದ್ದಳು. ಸ್ಟೀರಿಂಗ್ ಹಿಡಿದ ಅಜ್ಜ ಮಾತು ಮಾತಿಗೂ ಹೂಂಗುಟ್ಟುತ್ತಿದ್ದ. ಹೂಂಗುಟ್ಟದಿದ್ದರೆ ಕತೆ ದಾರಿ ತಪ್ಪುತ್ತದಂತೆ. ಅಜ್ಜ ತೀರಿಕೊಂಡ ಮೇಲೆ ರೇಡಿಯೊ ಕೆಟ್ಟುಹೋಯಿತು. ಅಮ್ಮ ಕೇಳಿದ್ದಕ್ಕೆ ಒಂದು ಉತ್ತರ, ಉಳಿದಂತೆ ಬಾಯಿಗೆ ಬೀಗ.

ಕಾರಿನ ಹೆಸರು ಕೆಂಪಿ. ನೋಡಲು ಹಳೆಯ ಪುಟ್ಟ ಕಾರು. ಆದರೆ ಅಜ್ಜ ಅದಕ್ಕೆ ದೊಡ್ಡ ಎಂಜಿನ್, ಟರ್ಬೊ ಎಲ್ಲ ಕೂರಿಸಿದ್ದ. ಓಡಲು ಬಿಟ್ಟರೆ ಬೀದಿಯ ಯಾವ ಕಾರೂ ಅದಕ್ಕೆ ಸಾಟಿಯಿರಲಿಲ್ಲ. ಈಗ ಅದು ಅಣ್ಣನ ಕೈಗೆ ಬಂದಿತ್ತು. ಅವನು ರೇಸ್ ವಿಡಿಯೊಗಳನ್ನು ನೋಡಿ ನೋಡಿ, ಹೋದ ತಿಂಗಳು ಅದರ ಮೂತಿಗೆ ಆಯಿಲ್ ಕೂಲರ್ ಹಾಕಿಸಿದ್ದ. ಎಂಜಿನ್ನಿನ ಬಿಸಿ ಎಣ್ಣೆ ಅದರೊಳಗೆ ಹರಿದು, ಗಾಳಿಗೆ ತಣ್ಣಗಾಗಿ ವಾಪಸ್ ಬರುತ್ತದೆ.

"ಕಾರು ಫಾಸ್ಟ್ ಅಂದ್ಮೇಲೆ ಕೂಲರ್ ಇರ್ಲೇಬೇಕು," ಎಂಬುದು ಅಣ್ಣನ ವಾದ. ಬರೀ ಜಂಬಕ್ಕೆ ಹಾಕಿಸಿದ್ದಾನೆ ಎಂಬುದು ರೇಡಿಯೊಳ ಗುಮಾನಿ.

ಮೊದಲ ಹೂಂ ಕೇಳಿಸಿದ ದಿನದಿಂದ ಅವಳು ಬೆಳಿಗ್ಗೆ ಬೇಗ ಹೋಗಿ ಕಾರಿನಲ್ಲಿ ಕೂರತೊಡಗಿದಳು. ಅಣ್ಣ ಎಂಜಿನ್ ಸ್ಟಾರ್ಟ್ ಮಾಡುತ್ತಿದ್ದ, ಏನೋ ಮರೆತೆ ಎಂದು ಒಳಗೆ ಓಡುತ್ತಿದ್ದ. ಅಷ್ಟರಲ್ಲಿ ಅವಳು ಒಂದೆರಡು ಸುದ್ದಿ ಹೇಳಿ ಮುಗಿಸುತ್ತಿದ್ದಳು. ಕಾರು ಹೂಂ ಎನ್ನುತ್ತಿತ್ತು. ಪ್ರತಿ ಸಲವೂ ಅವಳ ಕೈಮೇಲಿನ ಕೂದಲು ನಿಮಿರುತ್ತಿತ್ತು. ಹೆದರಿಕೆ ಆಗುತ್ತಿತ್ತು, ಆದರೂ ಬೇಕು ಅನ್ನಿಸುತ್ತಿತ್ತು. ಅಣ್ಣ ಬಂದು ಜೋರಾಗಿ ಹಾಡು ಹಾಕಿದರೆ ಹೂಂ ಕೇಳಿಸುತ್ತಲೇ ಇರಲಿಲ್ಲ.

"ಅಣ್ಣಾ, ಕೆಂಪಿ ಮಾತಾಡುತ್ತೆ ಅಂದ್ರೆ ನಂಬ್ತೀಯಾ?"

"ಅದು ಪೆಟ್ರೋಲ್ ಕುಡಿಯುತ್ತೆ ಅಷ್ಟೆ. ಮಾತಾಡಲ್ಲ," ಎಂದ ಅಣ್ಣ.

ಪ್ರತಿ ಭಾನುವಾರ ಅಜ್ಜನದೊಂದು ಪದ್ಧತಿಯಿತ್ತು. ಬಾನೆಟ್ ಎತ್ತಿ, ಎಣ್ಣೆ ಹುಯ್ಯುವ ಕಡೆಯ ಮುಚ್ಚಳ ತಿರುಗಿಸಿ, ಅದರ ಒಳಮೈ ನೋಡುವುದು. ಡಾಕ್ಟರು ನಾಲಿಗೆ ನೋಡಿದ ಹಾಗೆ. "ಕೆಂಪಿ, ಆ ಅನ್ನು," ಎನ್ನುತ್ತಿದ್ದ. ಅಣ್ಣನಿಗೆ ಅದು ನೆನಪಿರಲಿಲ್ಲ. ಆ ಭಾನುವಾರ ರೇಡಿಯೊ ಒಬ್ಬಳೇ ಮುಚ್ಚಳ ತೆಗೆದಳು.

ಯಾವಾಗಲೂ ಕಪ್ಪಗೆ ಮಿರುಗುತ್ತಿದ್ದ ಮುಚ್ಚಳದ ತುಂಬ ಬಿಳಿಯ ನೊರೆ ಮೆತ್ತಿತ್ತು. ಕೊನೆಕೊನೆಗೆ ಅಜ್ಜನ ನಾಲಿಗೆಯೂ ಹೀಗೇ ಬೆಳ್ಳಗಾಗಿತ್ತು.

ಅವಳು ಮುಚ್ಚಳವನ್ನು ಮೆಲ್ಲನೆ ಮುಚ್ಚಿಬಿಟ್ಟಳು. ಹೇಳಿದರೆ ಅಣ್ಣ ಗ್ಯಾರೇಜಿಗೆ ಒಯ್ಯುತ್ತಾನೆ. ರಿಪೇರಿ ಆದರೆ ಹೂಂ ನಿಂತುಹೋಗಬಹುದು. ಹೇಳದಿದ್ದರೆ ಕೆಂಪಿಯೇ ಸತ್ತುಹೋಗಬಹುದು. ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡಂತಾಯಿತು, ನುಂಗಲೂ ಆಗದು, ಉಗುಳಲೂ ಆಗದು.

ಮರುದಿನ ಮಂಜು ಇನ್ನೂ ದಟ್ಟವಾಗಿತ್ತು. ಅಣ್ಣ ಎಂಜಿನ್ ಸ್ಟಾರ್ಟ್ ಮಾಡಿ, ಮರೆತ ಮೊಬೈಲ್ ತರಲು ಒಳಗೆ ಹೋದ.

"ಅಜ್ಜಾ, ನೀನೇನಾ?" ಎಂದು ಅವಳು ಪಿಸುಗುಟ್ಟಿದಳು.

"ಹೂಂ…"

"ನಿನಗೆ ಹುಷಾರಿಲ್ವಾ?"

ಈ ಸಲ ಹೂಂ ನಿಲ್ಲಲೇ ಇಲ್ಲ. ನರಳಿದ ಹಾಗೆ ಉದ್ದಕ್ಕೆ ಎಳೆಯಿತು. ಕಾಲ ಕೆಳಗಿನ ತಗಡು ನಡುಗಿತು, ಕನ್ನಡಿ ನಡುಗಿತು, ಕನ್ನಡಿಯಲ್ಲಿದ್ದ ಅವಳ ಮುಖವೂ ನಡುಗಿತು.

ರೇಡಿಯೊ ಬಾಗಿಲು ತೆರೆದು ಓಡಿದಳು. "ಅಣ್ಣಾ, ಕೆಂಪಿ ನಾಲಿಗೆ ಬೆಳ್ಳಗಾಗಿದೆ. ನಾನು ನಿನ್ನೇನೇ ನೋಡಿದೆ, ಹೇಳ್ಲಿಲ್ಲ," ಎನ್ನುವಷ್ಟರಲ್ಲಿ ಅಳು ಬಂದೇಬಿಟ್ಟಿತು.

ಸಂಜೆ ಇಬ್ಬರೂ ಗ್ಯಾರೇಜಿಗೆ ಹೋದರು. ಅಲ್ಲಿದ್ದವಳು ಸ್ಪ್ಯಾನರ್ ಅತ್ತೆ. ಅಜ್ಜನ ಹತ್ತಿರವೇ ಕೆಲಸ ಕಲಿತವಳು. ಕೂಲರ್ ಹಾಕಿಕೊಟ್ಟವಳೂ ಅವಳೇ. ಮುಚ್ಚಳ ನೋಡಿ ತಲೆ ಕೆರೆದುಕೊಂಡಳು.

"ತಪ್ಪು ನಂದೂ ಇದೆ ಕಣಪ್ಪ. ನೀನು ಹಟ ಹಿಡಿದೆ, ನಾನು ಹಾಕಿಬಿಟ್ಟೆ. ರೇಸಲ್ಲಿ ಒಂದೇ ಸಮ ಓಡೋ ಕಾರಿನ ಎಣ್ಣೆ ಕೆಂಡ ಆಗುತ್ತೆ, ಅದಕ್ಕೆ ಕೂಲರ್ ಬೇಕು. ಸ್ಕೂಲಿಗೆ ಹೋಗಿಬರೋ ಕಾರಿಗೆ ಯಾಕೆ? ಜ್ವರಾನೇ ಇಲ್ಲದವನ ಹಣೆಗೆ ತಣ್ಣೀರು ಬಟ್ಟೆ ಹಾಕಿದ ಹಾಗೆ. ಎಣ್ಣೆ ಬಿಸಿ ಆಗ್ತಿಲ್ಲ, ಒಳಗಿನ ನೀರಿನ ಪಸೆ ಆರ್ತಿಲ್ಲ. ಎರಡೂ ಕಲೆತು ಈ ನೊರೆ ಆಗಿದೆ. ಸದ್ಯ, ಬೇಗ ನೋಡಿದ್ರಿ."

"ಮತ್ತೆ ಹೂಂ ಅನ್ನೋದು?" ಎಂದಳು ರೇಡಿಯೊ.

ಅತ್ತೆ ಎಂಜಿನ್ ಸ್ಟಾರ್ಟ್ ಮಾಡಿ, ಅವಳ ಕೈಯನ್ನು ಕೂಲರಿನ ಪೈಪಿನ ಮೇಲಿಟ್ಟಳು. ಸ್ವಲ್ಪ ಹೊತ್ತಿಗೆ ಅಂಗೈಯಡಿಯಲ್ಲೇ ಬಂತು: "ಹೂಂ…" ಪೈಪು ತಣ್ಣಗಿತ್ತು.

"ತಣ್ಣನೆ ಎಣ್ಣೆ ಗಟ್ಟಿ. ಅದು ನುಗ್ಗುವಾಗ ಪೈಪು ನಡುಗಿ ಕಾರಿನ ತಗಡಿಗೆ ತಾಗುತ್ತೆ."

"ಆದ್ರೆ ನಾನು ಮಾತು ನಿಲ್ಲಿಸಿದಾಗಲೇ ಬರ್ತಿತ್ತು."

"ನೀನು ಮಾತಾಡ್ತಿದ್ದಾಗಲೂ ಬಂದಿರುತ್ತಮ್ಮ. ನಿನಗೆ ಕೇಳಿಸಿರಲ್ಲ."

ರೇಡಿಯೊ ಕೈ ಹಿಂದಕ್ಕೆ ತೆಗೆದುಕೊಂಡಳು. ಅಣ್ಣ ನೆಲ ನೋಡುತ್ತ ನಿಂತಿದ್ದ.

"ಎಂಜಿನ್ ಸುಟ್ಟುಹೋದ್ರೆ ಅಂತ ಹೆದರಿಕೆ ಆಯ್ತು ಅತ್ತೆ, ಅದಕ್ಕೇ ಕೂಲರ್ ಹಾಕಿಸ್ದೆ," ಎಂದ. "ಅಜ್ಜ ಕೈಯಾರೆ ಕೂರಿಸಿದ್ದು. ಹೋದ್ರೆ ಇನ್ನೊಂದು ಎಲ್ಲಿಂದ ತರ್ಲಿ?"

ಅತ್ತೆ ಕೂಲರ್ ಬಿಚ್ಚಿ, ಹೊಸ ಎಣ್ಣೆ ಹುಯ್ದು ಕಳಿಸಿದಳು.

ಮಾರನೆಯ ಬೆಳಿಗ್ಗೆಯೂ ಮಂಜು. ಅಣ್ಣ ಏನನ್ನೂ ಮರೆತಿರಲಿಲ್ಲ. ಹಾಡನ್ನೂ ಹಾಕಲಿಲ್ಲ. ಬಿಳಿ ಬೀದಿಯಲ್ಲಿ ಕೆಂಪಿ ನಿಧಾನಕ್ಕೆ ಸಾಗಿತು. ಮರಗಳು ಒಂದೊಂದಾಗಿ ಎದುರಾಗಿ ಮತ್ತೆ ಕರಗುತ್ತಿದ್ದವು.

"ನಿನ್ನೆ ನಮ್ಮ ಕ್ಲಾಸಿಗೆ ಬೆಕ್ಕು ನುಗ್ಗಿತ್ತು," ಎಂದಳು ರೇಡಿಯೊ. ಕಿವಿಗೊಟ್ಟು ಕಾದಳು.

ಕೆಂಪಿ ಪಿಟಿಕ್ಕೆನ್ನಲಿಲ್ಲ. ಮೂತಿಯ ಕಡೆಯಿಂದ ಏನೂ ಬರಲಿಲ್ಲ, ಇನ್ನು ಬರುವುದೂ ಇಲ್ಲ. ಅವಳು ಕಿಟಕಿಯ ಕಡೆ ತಿರುಗಿದಳು.

"ಆಮೇಲೆ?" ಎಂದ ಅಣ್ಣ.

ಅವನು ರಸ್ತೆಯನ್ನೇ ನೋಡುತ್ತಿದ್ದ. ಸ್ಟೀರಿಂಗ್ ಮೇಲೆ, ಅಜ್ಜ ಹಿಡಿದು ಹಿಡಿದು ಸವೆದ ಜಾಗದಲ್ಲೇ ಅವನ ಕೈಗಳಿದ್ದವು. ಇಷ್ಟು ದಿನ ಅವನು ಹಾಡನ್ನು ಅಷ್ಟು ಜೋರಾಗಿ ಯಾಕೆ ಹಾಕುತ್ತಿದ್ದ ಎಂದು ರೇಡಿಯೊಗೆ ಆಗ ಹೊಳೆಯಿತು. ಅಜ್ಜನಿಲ್ಲದ ಕಾರಿನ ಮೌನ ಅವನಿಗೂ ತಡೆಯಲಾಗುತ್ತಿರಲಿಲ್ಲ.

"ಟೀಚರ್ ಚೇರ್ ಮೇಲೆ ಕೂತ್ಕೊಂಡ್ತು," ಎಂದಳು.

"ಆಮೇಲೆ?"

ಅವನಿಗೆ ಅಜ್ಜನ ಹಾಗೆ ಹೂಂ ಅನ್ನಲು ಬರುತ್ತಿರಲಿಲ್ಲ. ರೇಡಿಯೊ ಅವನ ಕಡೆ ತಿರುಗಿ ಕೂತು, ಬೆಕ್ಕಿನ ಕತೆಯನ್ನು ಮೊದಲಿನಿಂದ ಶುರುಮಾಡಿದಳು.